ಗ್ರಂಥಾಲಯ ವಿಜ್ಞಾನಿ ಡಾ. ಎಸ್. ಆರ್. ರಂಗನಾಥನ್: ಜೀವನ ಮತ್ತು ಸಾಧನೆ

ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವಕ್ಕೆ ಅರ್ಜಿ ಸಲ್ಲಿಸಿ ಮೊದಲ ಬಾರಿಗೆ ಒಳಗೆ ಕಾಲಿಡುವ ನಾಗರಿಕರು ಕಪಾಟುಗಳ ನಡುವೆ ತಾವೇ ನಡೆದು, ಪುಸ್ತಕವನ್ನು ಕೈಗೆತ್ತಿಕೊಂಡು ನೋಡಿ, ಬೇಕಾದುದನ್ನು ಆರಿಸಿಕೊಳ್ಳಬಹುದಾಗಿದೆ. ಇದು ಇಂದು ಸಹಜವೆನಿಸುತ್ತದೆ. ಆದರೆ ನೂರು ವರ್ಷಗಳ ಹಿಂದೆ ನಮ್ಮ ದೇಶದ ಹೆಚ್ಚಿನ ಗ್ರಂಥಾಲಯಗಳಲ್ಲಿ ಪುಸ್ತಕಗಳು ಬೀಗ ಹಾಕಿದ ಬೀರುಗಳಲ್ಲಿದ್ದವು. ಗ್ರಂಥಪಾಲಕನೆಂದರೆ ಆ ಬೀಗದ ಕೈಯನ್ನು ಕಾಯುವವನು ಎಂಬ ಭಾವನೆಯಿತ್ತು. ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಅಗ್ರಗಣ್ಯರು ಪದ್ಮಶ್ರೀ ಡಾ. ಶಿಯಾಳಿ ರಾಮಾಮೃತ ರಂಗನಾಥನ್ ಅವರು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಗೌರವಿಸಲ್ಪಡುವ ಅವರ ಜನ್ಮದಿನವಾದ ಆಗಸ್ಟ್ 12ನ್ನು ರಾಷ್ಟ್ರೀಯ ಗ್ರಂಥಪಾಲಕರ ದಿನವನ್ನಾಗಿ ಆಚರಿಸಲಾಗುತ್ತದೆ. ಅವರು ತಮ್ಮ ಬದುಕಿನ ಕೊನೆಯ ಹದಿನೈದು ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

ಅವರ ಸಾಧನೆಗಳಲ್ಲಿ ಕಪಾಟು, ಸೂಚಿ, ಕಾಯ್ದೆಗಳ ವಿಷಯ ಬಹುಮಂದಿಗೆ ತಿಳಿದಿದೆ. ಜ್ಞಾನವು ಹೇಗೆ ಬೆಳೆಯುತ್ತದೆ, ಒಂದು ವಿಷಯವು ಇನ್ನೊಂದರಿಂದ ಹೇಗೆ ಕವಲೊಡೆಯುತ್ತದೆ, ಅದನ್ನು ಅಳೆದು ನೋಡಲು ಸಾಧ್ಯವೇ ಎಂದು ಅವರು ನಡೆಸಿದ ಚಿಂತನೆ ಅಷ್ಟಾಗಿ ತಿಳಿದಿಲ್ಲ. ಆದುದರಿಂದ ಈ ಪರಿಚಯದಲ್ಲಿ ಆ ಭಾಗಕ್ಕೆ ಹೆಚ್ಚಿನ ಸ್ಥಳವನ್ನು ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ರಂಗನಾಥನ್ ಅವರು 1892ರಲ್ಲಿ ಅಂದಿನ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ, ಅಂದರೆ ಇಂದಿನ ಸೀರ್ಕಾಳಿಯಲ್ಲಿ, ಜನಿಸಿದರು. ತಂದೆ ರಾಮಾಮೃತ ಅಯ್ಯರ್ ಅವರು ಸಣ್ಣ ಹಿಡುವಳಿದಾರರು. ಮಗ ಇನ್ನೂ ಬಾಲಕನಾಗಿದ್ದಾಗಲೇ ತೀರಿಕೊಂಡರು. ಹುಡುಗನಿಗೆ ಮಾತಿನಲ್ಲಿ ತೊದಲು ಇತ್ತು. ಮುಂದೆ ಸಾವಿರಾರು ಉಪನ್ಯಾಸಗಳನ್ನು ನೀಡಬೇಕಾಗಿದ್ದ ವ್ಯಕ್ತಿ ಆ ತೊಡಕನ್ನು ಪ್ರಯತ್ನದಿಂದಲೇ ಗೆದ್ದರು. ಮದ್ರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತವನ್ನು ಓದಿ 1913ರಲ್ಲಿ ಬಿ.ಎ., 1916ರಲ್ಲಿ ಎಂ.ಎ. ಪದವಿಗಳನ್ನು ಪಡೆದರು. ಅಲ್ಲಿನ ಪ್ರಾಧ್ಯಾಪಕ ಎಡ್ವರ್ಡ್ ರಾಸ್ ಅವರನ್ನು ರಂಗನಾಥನ್ ಅವರು ಜೀವನಪರ್ಯಂತ ಗುರುವೆಂದು ಭಾವಿಸಿದರು. ಬಳಿಕ ಸೈದಾಪೇಟೆಯಲ್ಲಿ ಶಿಕ್ಷಕ ತರಬೇತಿಯನ್ನು ಮುಗಿಸಿದರು.

1917ರಲ್ಲಿ ಅವರಿಗೆ ದೊರೆತ ಮೊದಲ ನೇಮಕಾತಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. ಆಗ ದಕ್ಷಿಣ ಕನ್ನಡವು ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು. ಆ ಕಾಲೇಜು ಇಂದು ಮಂಗಳೂರಿನ ವಿಶ್ವವಿದ್ಯಾನಿಲಯ ಕಾಲೇಜು ಎಂದು ಹೆಸರಾಗಿದೆ. ಮಂಗಳೂರಿನಲ್ಲಿ ಮೂರು ವರ್ಷ, ತರುವಾಯ ಕೊಯಮತ್ತೂರಿನಲ್ಲಿ, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರು ಗಣಿತ ಬೋಧಕರಾಗಿದ್ದರು.

ಗ್ರಂಥಪಾಲಕ ಹುದ್ದೆ

ಮದ್ರಾಸು ವಿಶ್ವವಿದ್ಯಾನಿಲಯವು ಪೂರ್ಣಾವಧಿ ಗ್ರಂಥಪಾಲಕರ ಹುದ್ದೆಗೆ ಅರ್ಜಿ ಕರೆದಾಗ ರಂಗನಾಥನ್ ಅವರಿಗೆ ಆ ವೃತ್ತಿಯ ಪರಿಚಯವೂ ಇರಲಿಲ್ಲ, ಆಸಕ್ತಿಯೂ ಇರಲಿಲ್ಲ. ಬೋಧಕರ ಸಂಬಳ ಕಡಿಮೆಯಾಗಿದ್ದುದರಿಂದ ಮಿತ್ರರ ಒತ್ತಾಯಕ್ಕೆ ಮಣಿದು ಅರ್ಜಿ ಹಾಕಿದರು. 1924ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ಅಲ್ಲಿನ ಏಕಾಂತವನ್ನು ತಾಳಲಾರದೆ ಹಳೆಯ ಕಾಲೇಜಿಗೆ ಹಿಂದಿರುಗಲು ಅವಕಾಶ ಕೇಳಿದರು. ಇಂಗ್ಲೆಂಡಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬಂದ ಮೇಲೂ ಮನಸ್ಸು ಒಪ್ಪದಿದ್ದರೆ ಹಿಂದಿರುಗಬಹುದು ಎಂಬ ಉತ್ತರ ದೊರೆಯಿತು. ಅಂದು ಆ ಕೋರಿಕೆ ಕೂಡಲೇ ಮಂಜೂರಾಗಿದ್ದಿದ್ದರೆ ಭಾರತದ ಗ್ರಂಥಾಲಯಗಳ ಚರಿತ್ರೆ ಬೇರೆಯೇ ಆಗುತ್ತಿತ್ತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗ್ರಂಥಪಾಲಕ ಶಾಲೆಯಲ್ಲಿ ಡಬ್ಲ್ಯು. ಸಿ. ಬರ್ವಿಕ್ ಸೇಯರ್ಸ್ ಅವರ ಬಳಿ ಅವರು ವರ್ಗೀಕರಣವನ್ನು ಅಭ್ಯಾಸ ಮಾಡಿದರು. ಬ್ರಿಟನ್ನಿನ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸಂದರ್ಶಿಸಿದರು. ಮಕ್ಕಳು, ಕಾರ್ಮಿಕರು, ಮಹಿಳೆಯರು ಎಂಬ ಭೇದವಿಲ್ಲದೆ ಎಲ್ಲರೂ ಅಲ್ಲಿಗೆ ಬರುತ್ತಿದ್ದುದನ್ನು ಕಂಡು ಗ್ರಂಥಾಲಯವು ಸಮಾಜದ ಒಂದು ಅಂಗವೆಂಬುದು ಅವರಿಗೆ ಮನದಟ್ಟಾಯಿತು. ಅದೇ ಸಂದರ್ಭದಲ್ಲಿ ಅಂದು ಬಳಕೆಯಲ್ಲಿದ್ದ ವರ್ಗೀಕರಣ ಪದ್ಧತಿಗಳ ಒಂದು ಕೊರತೆಯೂ ಅವರ ಗಮನಕ್ಕೆ ಬಂದಿತು. 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಅವರು ರಚಿಸಿದ ದಶಮಾಂಶ ಪದ್ಧತಿಯಲ್ಲಿ ಪ್ರತಿಯೊಂದು ವಿಷಯಕ್ಕೂ ಮೊದಲೇ ಸಿದ್ಧವಾದ ಒಂದು ಗೂಡು ಇರುತ್ತದೆ. ಗೂಡಿಲ್ಲದ ಹೊಸ ವಿಷಯ ಬಂದಾಗ ಅದನ್ನು ಎಲ್ಲಿ ಇರಿಸುವುದು ಎಂಬುದೇ ತೊಡಕು.

ಲಂಡನ್ನಿನ ಸೆಲ್ಫ್ರಿಜಸ್ ಅಂಗಡಿಯಲ್ಲಿ ಮೆಕ್ಕಾನೊ ಎಂಬ ಆಟಿಕೆಯನ್ನು ಪ್ರದರ್ಶಿಸುತ್ತಿದ್ದುದನ್ನು ಅವರು ನೋಡಿದರು. ಕೆಲವೇ ಬಗೆಯ ಪಟ್ಟಿ, ಸರಳು, ಗಾಲಿ, ತಿರುಪುಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ನಾನಾ ಆಟಿಕೆಗಳನ್ನು ಮಾಡಲಾಗುತ್ತಿತ್ತು. ವಿಷಯಗಳನ್ನೂ ಹೀಗೆಯೇ ಬಿಡಿ ಭಾಗಗಳಿಂದ ಜೋಡಿಸಬಹುದಲ್ಲವೇ ಎಂಬ ಯೋಚನೆಯಿಂದ ದ್ವಿಬಿಂದು ವರ್ಗೀಕರಣ ಪದ್ಧತಿ ಹುಟ್ಟಿತು. ಭಾಗಗಳನ್ನು ಜೋಡಿಸುವ ತಿರುಪಿನ ಸ್ಥಾನದಲ್ಲಿ ಅವರು ದ್ವಿಬಿಂದು ಚಿಹ್ನೆಯನ್ನು ಬಳಸಿದ್ದರಿಂದ ಈ ಹೆಸರು. 1925ರಲ್ಲಿ ಊರಿಗೆ ಮರಳುವ ಹಡಗಿನಲ್ಲೇ ಅಲ್ಲಿನ ಪುಸ್ತಕಗಳ ಮೇಲೆ ಅವರು ತಮ್ಮ ಪದ್ಧತಿಯನ್ನು ಪರೀಕ್ಷಿಸಿ ನೋಡಿದರು. ಪದ್ಧತಿಯು 1933ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು.

ಇದನ್ನು ನಮ್ಮ ನಾಡಿನ ಒಂದು ಉದಾಹರಣೆಯಿಂದ ತಿಳಿಯಬಹುದು. ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಾರ್ಖಾನೆ ಇದೆ. ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯುದ್ದಕ್ಕೂ ಕೃಷ್ಣೆಯ ನೀರಿನಿಂದ ಕಬ್ಬು ಬೆಳೆಯಲಾಗುತ್ತದೆ. ಅಲ್ಲಿನ ರೈತರೊಬ್ಬರು ಅಥವಾ ಕೃಷಿ ವಿದ್ಯಾರ್ಥಿಯೊಬ್ಬರು ಕಬ್ಬಿನ ಕೆಂಪು ಕೊಳೆ ರೋಗದ ತಡೆಗಟ್ಟುವಿಕೆಯ ಬಗ್ಗೆ ಕೃಷ್ಣಾ ತೀರಕ್ಕೆ ಸಂಬಂಧಿಸಿದ ಇತ್ತೀಚಿನ ಪ್ರಬಂಧವನ್ನು ಕೇಳುತ್ತಾರೆ ಎಂದಿಟ್ಟುಕೊಳ್ಳೋಣ. ರಂಗನಾಥನ್ ಅವರ ಪದ್ಧತಿಯಲ್ಲಿ ಕಬ್ಬು ಒಂದು ಮುಖ, ರೋಗ ಇನ್ನೊಂದು, ತಡೆಗಟ್ಟುವ ಕ್ರಿಯೆ ಮತ್ತೊಂದು, ಕೃಷ್ಣಾ ತೀರವೆಂಬ ಸ್ಥಳ ಹಾಗೂ ಪ್ರಬಂಧದ ಕಾಲ ಇನ್ನೆರಡು. ಇವೆಲ್ಲವನ್ನೂ ಕ್ರಮವಾಗಿ ಜೋಡಿಸಿದರೆ ಆ ಪ್ರಬಂಧದ ಸ್ಥಾನ ಗೊತ್ತಾಗುತ್ತದೆ. ನಾಳೆ ಹೊಸ ರೋಗವೊಂದು ಬಂದರೆ ಆ ಒಂದು ಮುಖವನ್ನು ಮಾತ್ರ ಬದಲಿಸಿದರೆ ಸಾಕು.

ಐದು ಸೂತ್ರಗಳು

1928ನೆಯ ವರ್ಷ ಅವರ ಪಾಲಿಗೆ ಫಲವೂ ದುಃಖವೂ ಕೂಡಿ ಬಂದ ವರ್ಷ. ಮದ್ರಾಸು ಗ್ರಂಥಾಲಯ ಸಂಘದ ಸ್ಥಾಪನೆಯೂ ಐದು ಸೂತ್ರಗಳ ಹೊಳಹೂ ಅದೇ ವರ್ಷದವು. ಅದೇ ನವೆಂಬರಿನಲ್ಲಿ ಪತ್ನಿ ರುಕ್ಮಿಣಿಯವರು ಆಕಸ್ಮಿಕವಾಗಿ ದೇವಾಲಯದ ಕೊಳದಲ್ಲಿ ಮುಳುಗಿ ನಿಧನರಾದರು. ಮರುವರ್ಷ ಶಾರದಾ ಅವರೊಂದಿಗೆ ವಿವಾಹವಾಯಿತು. 1931ರಲ್ಲಿ ಸೂತ್ರಗಳ ಗ್ರಂಥ ಹೊರಬಂದಿತು. ಪುಸ್ತಕಗಳಿರುವುದು ಬಳಕೆಗಾಗಿ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಸಮಯ ಉಳಿಯಬೇಕು, ಗ್ರಂಥಾಲಯವು ಬೆಳೆಯುತ್ತಲೇ ಇರುವ ಜೀವಿ ಎಂಬುದು ಅವುಗಳ ತಾತ್ಪರ್ಯ. ಕೇಳಲು ಸರಳವಾದ ಈ ಮಾತುಗಳು ಆಚರಣೆಗೆ ಬಂದರೆ ಬೀರುವಿನ ಬೀಗ ತೆರೆಯಬೇಕಾಗುತ್ತದೆ, ಗ್ರಂಥಾಲಯದ ವೇಳೆ ಹೆಚ್ಚಬೇಕಾಗುತ್ತದೆ, ಸಿಬ್ಬಂದಿಯೂ ಹೆಚ್ಚಬೇಕಾಗುತ್ತದೆ. ಅದೇ ವರ್ಷ ಮನ್ನಾರ್ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳನ್ನು ಹಳ್ಳಿ ಹಳ್ಳಿಗೆ ಒಯ್ಯುವ ಸಂಚಾರಿ ಗ್ರಂಥಾಲಯ ಆರಂಭವಾಯಿತು.

ಮದ್ರಾಸಿನಿಂದ 1945ರಲ್ಲಿ ನಿವೃತ್ತರಾದ ಮೇಲೆ ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಆಹ್ವಾನದ ಮೇರೆಗೆ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಗ್ರಂಥಾಲಯವನ್ನು ಸಂಘಟಿಸಿದರು. 1947ರಿಂದ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಗ್ರಂಥಾಲಯ ವಿಜ್ಞಾನವನ್ನು ಬೋಧಿಸಿದರು. ಅವರ ಸಲಹೆ ಪಡೆದ ಸಮಿತಿಗಳ ಪಟ್ಟಿ ಉದ್ದವಾದುದು. ಅದನ್ನು ಇಲ್ಲಿ ನೀಡುವ ಅಗತ್ಯವಿಲ್ಲ.

ಅಳತೆಯ ಶಾಸ್ತ್ರ

1948ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿ ನಡೆದ ಆಸ್ಲಿಬ್ ಸಂಸ್ಥೆಯ ಸಮ್ಮೇಳನದಲ್ಲಿ ರಂಗನಾಥನ್ ಅವರು ಒಂದು ಹೊಸ ಸಲಹೆಯನ್ನು ಮುಂದಿಟ್ಟರು. ಜೀವಶಾಸ್ತ್ರಕ್ಕೆ ಬಯೋಮೆಟ್ರಿ, ಅರ್ಥಶಾಸ್ತ್ರಕ್ಕೆ ಇಕನಾಮೆಟ್ರಿ ಇರುವಂತೆ ಗ್ರಂಥಾಲಯಗಳಿಗೂ ಸಂಖ್ಯಾಶಾಸ್ತ್ರವನ್ನು ಅನ್ವಯಿಸುವ ಒಂದು ಶಾಸ್ತ್ರ ಬೇಕೆಂದು ಹೇಳಿ ಅದಕ್ಕೆ ಲೈಬ್ರಮೆಟ್ರಿ ಎಂದು ಹೆಸರಿಟ್ಟರು. ಎಷ್ಟು ಪುಸ್ತಕಗಳನ್ನು ಎಷ್ಟು ಮಂದಿ ಒಯ್ಯುತ್ತಾರೆ, ಯಾವ ವೇಳೆಯಲ್ಲಿ ದಟ್ಟಣೆ ಹೆಚ್ಚು, ಎಷ್ಟು ಸಿಬ್ಬಂದಿ ಅಗತ್ಯ ಮುಂತಾದುವನ್ನು ಊಹೆಯಿಂದಲ್ಲದೆ ಎಣಿಕೆಯಿಂದ ತೀರ್ಮಾನಿಸಬೇಕೆಂಬುದು ಅವರ ಆಶಯ. ಗಣಿತ ಬೋಧಕನ ಮನಸ್ಸು ಇಪ್ಪತ್ತನಾಲ್ಕು ವರ್ಷಗಳ ಬಳಿಕವೂ ಗಣಿತವನ್ನು ಬಿಟ್ಟಿರಲಿಲ್ಲ.

ಪ್ರಪಂಚದ ಇತರ ಭಾಗಗಳಲ್ಲಿಯೂ ಎಣಿಕೆಯ ಪ್ರಯತ್ನಗಳು ಆಗಲೇ ನಡೆದಿದ್ದವು. 1927ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನ ಗ್ರಾಸ್ ದಂಪತಿ ಒಂದು ವ್ಯಾವಹಾರಿಕ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಸಣ್ಣ ಕಾಲೇಜಿನ ಮಿತವಾದ ಹಣದಲ್ಲಿ ರಸಾಯನಶಾಸ್ತ್ರದ ಯಾವ ಪತ್ರಿಕೆಗಳನ್ನು ತರಿಸಬೇಕು ಎಂಬುದು ಆ ಪ್ರಶ್ನೆ. ಹಿಂದಿನ ವರ್ಷದ ಪ್ರಮುಖ ಅಮೆರಿಕನ್ ರಸಾಯನ ಪತ್ರಿಕೆಯ ಲೇಖನಗಳು ಯಾವ ಯಾವ ಪತ್ರಿಕೆಗಳನ್ನು ಉಲ್ಲೇಖಿಸಿವೆ ಎಂದು ಅವರು ಎಣಿಸಿದರು. ಜರ್ಮನ್ ಪತ್ರಿಕೆಗಳಿಗೆ ದೊರೆತ ಉಲ್ಲೇಖಗಳು ಅಷ್ಟೊಂದು ಇದ್ದುದರಿಂದ ರಸಾಯನಶಾಸ್ತ್ರದ ವಿದ್ಯಾರ್ಥಿ ಜರ್ಮನ್ ಕಲಿಯಲೇಬೇಕು ಎಂಬುದೂ ಆ ಎಣಿಕೆಯಿಂದ ಹೊರಟಿತು. 1934ರಲ್ಲಿ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದ ಗ್ರಂಥಪಾಲಕ ಎಸ್. ಸಿ. ಬ್ರಾಡ್‌ಫರ್ಡ್ ಅವರು ಯಾವುದೇ ಒಂದು ವಿಷಯದ ಲೇಖನಗಳು ಕೆಲವೇ ಪತ್ರಿಕೆಗಳಲ್ಲಿ ದಟ್ಟವಾಗಿಯೂ ಇತರ ನೂರಾರು ಪತ್ರಿಕೆಗಳಲ್ಲಿ ವಿರಳವಾಗಿಯೂ ಹರಡಿರುತ್ತವೆ ಎಂದು ತೋರಿಸಿದರು. ಕಬ್ಬಿನ ವಿಷಯಕ್ಕೂ ಇದು ಅನ್ವಯಿಸುತ್ತದೆ: ತಳಿಯ ವಿಚಾರ ಸಸ್ಯಶಾಸ್ತ್ರದ ಪತ್ರಿಕೆಯಲ್ಲಿ, ಸಕ್ಕರೆಯ ಅಂಶ ರಸಾಯನಶಾಸ್ತ್ರದಲ್ಲಿ, ನೀರಿನ ವಿಚಾರ ಎಂಜಿನಿಯರಿಂಗ್ ಪತ್ರಿಕೆಯಲ್ಲಿ ಇರಬಹುದು. ಒಂದೇ ಪತ್ರಿಕೆ ತರಿಸುವ ಗ್ರಂಥಾಲಯದ ಓದುಗನಿಗೆ ಉಳಿದ ಭಾಗ ಕಾಣುವುದೇ ಇಲ್ಲ.

ಡೆರೆಕ್ ಪ್ರೈಸ್ ಎಂಬ ವಿದ್ವಾಂಸರು ಸಿಂಗಪುರದ ರಾಫೆಲ್ಸ್ ಕಾಲೇಜಿನಲ್ಲಿ ಬೋಧಿಸುತ್ತಿದ್ದಾಗ ನಡೆದ ಸಂಗತಿ ಸ್ವಾರಸ್ಯಕರವಾದುದು. ಕಾಲೇಜಿನ ಗ್ರಂಥಾಲಯ ಕಟ್ಟಡ ಇನ್ನೂ ಸಿದ್ಧವಾಗಿರಲಿಲ್ಲ. ಆದುದರಿಂದ ಲಂಡನ್ನಿನ ರಾಯಲ್ ಸೊಸೈಟಿಯ 1665ರಿಂದ ಮೊದಲ್ಗೊಂಡ ಪತ್ರಿಕೆಯ ಸಂಪುಟಗಳನ್ನು ಅವರು ತಮ್ಮ ಮನೆಯಲ್ಲೇ ಹತ್ತು ಹತ್ತು ವರ್ಷಗಳ ರಾಶಿಗಳಾಗಿ ಗೋಡೆಗೆ ಒರಗಿಸಿಟ್ಟರು. ರಾಶಿಗಳ ಎತ್ತರ ಒಂದೇ ಸಮನಾಗಿ ಏರದೆ, ಚಕ್ರಬಡ್ಡಿಯಂತೆ ಏರುತ್ತಿದ್ದುದು ಅವರ ಕಣ್ಣಿಗೆ ಬಿದ್ದಿತು. ವಿಜ್ಞಾನದ ಬೆಳವಣಿಗೆಯನ್ನು ಅಳೆಯುವ ಕೆಲಸಕ್ಕೆ ಅವರು ತಮ್ಮ ಜೀವನವನ್ನು ಮೀಸಲಿಟ್ಟದ್ದು ಹೀಗೆ.

ಉಲ್ಲೇಖಗಳಿಂದ ತಿಳಿಯುವುದೇನು

ವಿಜ್ಞಾನದ ಪ್ರಬಂಧದ ಕೊನೆಯಲ್ಲಿ ಲೇಖಕರು ತಾವು ಆಧರಿಸಿದ ಹಿಂದಿನ ಪ್ರಬಂಧಗಳನ್ನು ಪಟ್ಟಿ ಮಾಡುತ್ತಾರೆ. ಈ ಪಟ್ಟಿ ಓದುಗನನ್ನು ಹಿಂದಕ್ಕೆ ಒಯ್ಯುತ್ತದೆ. ಅದನ್ನು ತಿರುಗಿಸಿ, ಒಂದು ಹಳೆಯ ಪ್ರಬಂಧವನ್ನು ತರುವಾಯ ಯಾರು ಯಾರು ಉಲ್ಲೇಖಿಸಿದ್ದಾರೆ ಎಂಬ ಸೂಚಿಯನ್ನು ತಯಾರಿಸಿದರೆ ಓದುಗನು ಮುಂದಕ್ಕೆ ಸಾಗಬಹುದು. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಅವರು 1955ರಲ್ಲಿ ಈ ವಿಚಾರವನ್ನು ಮಂಡಿಸಿ 1960ರ ದಶಕದಲ್ಲಿ ವಿಜ್ಞಾನ ಉಲ್ಲೇಖ ಸೂಚಿಯನ್ನು ಹೊರತಂದರು. ಒಂದು ವಂಶಾವಳಿಯಲ್ಲಿ ಮುತ್ತಜ್ಜನಿಂದ ಮರಿಮಕ್ಕಳವರೆಗೆ ಗೆರೆ ಎಳೆಯುವಂತೆ ಒಂದು ವಿಚಾರದ ಸಂತತಿಯನ್ನು ಗುರುತಿಸಲು ಇದರಿಂದ ಸಾಧ್ಯವಾಯಿತು.

1964ರಲ್ಲಿ ಗಾರ್ಫೀಲ್ಡ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಪರೀಕ್ಷೆಗೆ ಒಡ್ಡಿದರು. ಆನುವಂಶಿಕ ಸಂಕೇತದ ಶೋಧದ ಬಗ್ಗೆ ಐಸಾಕ್ ಅಸಿಮೋವ್ ಅವರು ಜನಸಾಮಾನ್ಯರಿಗಾಗಿ ಬರೆದ ಪುಸ್ತಕದಿಂದ ಪ್ರಮುಖ ಘಟನೆಗಳನ್ನು ಆರಿಸಿ, ಮೆಂಡೆಲರಿಂದ ಡಿ.ಎನ್.ಎ.ವರೆಗಿನ ಆ ಹಾದಿಯನ್ನು ಉಲ್ಲೇಖಗಳ ಜಾಲದೊಂದಿಗೆ ಹೋಲಿಸಿದರು. ಚರಿತ್ರಕಾರರು ಹೇಳಿದ ಕೊಂಡಿಗಳಲ್ಲಿ ಬಹುಪಾಲು ಉಲ್ಲೇಖಗಳಲ್ಲಿಯೂ ದೊರೆತವು. ಪುಸ್ತಕದಲ್ಲಿ ಇಲ್ಲದ ಕೆಲವು ಕೊಂಡಿಗಳೂ ಬೆಳಕಿಗೆ ಬಂದವು. ಅಲ್ಲಿಂದ ಮುಂದೆ 1973ರಲ್ಲಿ ಹೆನ್ರಿ ಸ್ಮಾಲ್ ಅವರು ಇನ್ನೊಂದು ಉಪಾಯವನ್ನು ಕಂಡುಕೊಂಡರು. ಎರಡು ಹಳೆಯ ಪ್ರಬಂಧಗಳನ್ನು ಹೊಸ ಲೇಖಕರು ಪದೇ ಪದೇ ಜೊತೆಯಾಗಿ ಉಲ್ಲೇಖಿಸುತ್ತಿದ್ದರೆ ಆ ಎರಡೂ ಒಂದೇ ವಿಚಾರದ ಗುಂಪಿಗೆ ಸೇರಿವೆ ಎಂದರ್ಥ. ವರ್ಷದಿಂದ ವರ್ಷಕ್ಕೆ ಈ ಗುಂಪುಗಳು ಕೂಡುವುದನ್ನೂ ಒಡೆಯುವುದನ್ನೂ ಗಮನಿಸಿದರೆ ವಿಜ್ಞಾನಿಗಳ ಆಲೋಚನೆ ಎತ್ತ ಹೊರಳುತ್ತಿದೆ ಎಂಬುದರ ಸುಳಿವು ಸಿಗುತ್ತದೆ.

ರಂಗನಾಥನ್ ಅವರು ಈ ಉಲ್ಲೇಖ ಸೂಚಿಯನ್ನು ರಚಿಸಿದವರಲ್ಲ. ಅವರ ಎಣಿಕೆ ಮುಖ್ಯವಾಗಿ ಗ್ರಂಥಾಲಯದ ಬಳಕೆಗೆ ಸಂಬಂಧಿಸಿದ್ದು. ಆದರೆ ಅವರು ಅದೇ ಪ್ರಶ್ನೆಯನ್ನು ಇನ್ನೊಂದು ದಿಕ್ಕಿನಿಂದ ಸಮೀಪಿಸಿದರು. ವಿಷಯಗಳು ಹುಟ್ಟುವ ಬಗೆಗಳನ್ನು ಅವರು ಗುರುತಿಸಿ ಹೆಸರಿಸಿದರು. ಒಂದು ವಿಷಯ ಒಡೆದು ಹಲವು ಆಗಬಹುದು. ಒಂದರ ಮೇಲೊಂದು ಪದರವಾಗಿ ಕೂಡಬಹುದು. ಕಬ್ಬಿನ ರೋಗದ ಉದಾಹರಣೆ ಇಂತಹುದು. ಜೀವಶಾಸ್ತ್ರವೂ ರಸಾಯನಶಾಸ್ತ್ರವೂ ಬೆಸೆದುಕೊಂಡು ಜೀವರಸಾಯನಶಾಸ್ತ್ರವಾದಂತೆ ಎರಡು ಸೇರಿ ಬೇರೆಯೇ ಒಂದು ಆಗಬಹುದು. ಆಡಳಿತ ನಿರ್ವಹಣೆಯಂತಹ ವಿಷಯವು ನಾನಾ ಕ್ಷೇತ್ರಗಳ ಅನುಭವದಿಂದ ಬಟ್ಟಿ ಇಳಿಸಿದಂತೆ ಹೊರಬರಬಹುದು. ವರ್ಗೀಕರಣಕಾರನು ಇಂದಿನ ವಿಷಯಗಳಿಗೆ ಮಾತ್ರ ಜಾಗ ಮಾಡಿದರೆ ಸಾಲದು, ಇನ್ನೂ ಹುಟ್ಟದ ವಿಷಯಗಳಿಗೂ ಬಾಗಿಲು ತೆರೆದಿಡಬೇಕು ಎಂಬುದು ಅವರ ನಿಲುವು. ಉಲ್ಲೇಖಗಳ ಜಾಲದಲ್ಲಿ ಗುಂಪುಗಳು ಒಡೆಯುವುದನ್ನೂ ಬೆಸೆಯುವುದನ್ನೂ ಕಂಡವರು ರಂಗನಾಥನ್ ಅವರ ಈ ಹೆಸರುಗಳನ್ನು ನೆನೆಯದಿರಲಾರರು. ಅವರು ತರ್ಕದಿಂದ ಕಂಡುದನ್ನು ಮುಂದಿನವರು ಎಣಿಸಿ ತೋರಿಸಿದರು ಎನ್ನಬಹುದು.

ಬೆಂಗಳೂರಿನ ವರ್ಷಗಳು

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಕೆಲ ಕಾಲ ಇದ್ದು 1957ರಲ್ಲಿ ಭಾರತಕ್ಕೆ ಮರಳಿದ ರಂಗನಾಥನ್ ಅವರು ಬೆಂಗಳೂರಿನಲ್ಲಿ ನೆಲೆಸಿದರು. ಅದೇ ವರ್ಷ ಪದ್ಮಶ್ರೀ ಪ್ರಶಸ್ತಿ ಬಂದಿತು. ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಗಳನ್ನು ಪತ್ನಿಯ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪೀಠವೊಂದನ್ನು ಸ್ಥಾಪಿಸಲು ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಅವರು ದಾನ ನೀಡಿದ್ದರು. ಸ್ವಂತಕ್ಕೆ ಅವರ ಬದುಕು ತೀರ ಸರಳವಾಗಿತ್ತು.

ಬೆಂಗಳೂರು ಅವರಿಗೆ ಒಪ್ಪುವ ಊರಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆ ಇಲ್ಲಿತ್ತು. ಕರೆಂಟ್ ಸೈನ್ಸ್ ಪತ್ರಿಕೆ 1932ರಿಂದಲೂ, ಸರ್ ಸಿ. ವಿ. ರಾಮನ್ ಅವರು ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರಕಟಣೆಗಳು 1934ರಿಂದಲೂ ಇಲ್ಲಿಂದಲೇ ಹೊರಡುತ್ತಿದ್ದವು. ಪ್ರೊ. ಪಿ. ಸಿ. ಮಹಲನೋಬಿಸ್ ಅವರ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಬೆಂಗಳೂರಿನಲ್ಲಿ ಡಿ.ಆರ್.ಟಿ.ಸಿ. ಎಂದು ಹೆಸರಾದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಪ್ರಾರಂಭವಾಯಿತು. ಗ್ರಂಥಾಲಯದ ಕೇಂದ್ರವೊಂದು ಸಂಖ್ಯಾಶಾಸ್ತ್ರದ ಸಂಸ್ಥೆಯಲ್ಲಿ ಹುಟ್ಟಿದುದು ರಂಗನಾಥನ್ ಅವರ ಸ್ವಭಾವಕ್ಕೆ ತಕ್ಕುದೇ ಆಗಿತ್ತು. ಎ. ನೀಲಮೇಘನ್, ಎಂ. ಎ. ಗೋಪಿನಾಥ್, ಗಣೇಶ್ ಭಟ್ಟಾಚಾರ್ಯ ಮುಂತಾದವರು ಅಲ್ಲಿ ಅವರ ಸಹವರ್ತಿಗಳಾದರು. ಜ್ಞಾನಲೋಕದ ರಚನೆ ಮತ್ತು ಬೆಳವಣಿಗೆ ಎಂಬುದನ್ನೇ ಒಂದು ಪಠ್ಯವಿಷಯವನ್ನಾಗಿ ಬೋಧಿಸಲಾಯಿತು. 1969ರ ಡಿ.ಆರ್.ಟಿ.ಸಿ. ವಿಚಾರ ಸಂಕಿರಣದಲ್ಲಿ ರಂಗನಾಥನ್ ಅವರು ಲೈಬ್ರಮೆಟ್ರಿಯ ವ್ಯಾಪ್ತಿಯನ್ನು ಮತ್ತೊಮ್ಮೆ ವಿವರಿಸಿದರು. ಅದೇ ವರ್ಷ ಇಂಗ್ಲೆಂಡಿನ ಅಲನ್ ಪ್ರಿಚರ್ಡ್ ಅವರು ಬಿಬ್ಲಿಯೊಮೆಟ್ರಿಕ್ಸ್ ಎಂಬ ಪದವನ್ನು ಬಳಕೆಗೆ ತಂದರು. ಪ್ರಪಂಚದಲ್ಲಿ ನೆಲೆನಿಂತದ್ದು ಆ ಪದವೇ. ಆದರೂ ಇಪ್ಪತ್ತೊಂದು ವರ್ಷ ಮೊದಲೇ ಅಂತಹ ಶಾಸ್ತ್ರವೊಂದಕ್ಕೆ ನಾಮಕರಣ ಮಾಡಿದ್ದ ಗೌರವ ರಂಗನಾಥನ್ ಅವರಿಗೆ ಸಲ್ಲುತ್ತದೆ.

ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂಬ ಮೂರನೆಯ ಸೂತ್ರದ ಮಹತ್ವ ಏನೆಂಬುದಕ್ಕೆ ಬೆಂಗಳೂರಿನದೇ ಒಂದು ನಿದರ್ಶನವಿದೆ. ರಾಮನ್ ಅವರ ಸೋದರಳಿಯ ಎಸ್. ಪಂಚರತ್ನಂ ಅವರು ಇನ್ನೂ ಇಪ್ಪತ್ತೆರಡರ ಹರೆಯದಲ್ಲಿ, 1956ರಲ್ಲಿ, ಧ್ರುವೀಕೃತ ಬೆಳಕಿನ ವ್ಯತಿಕರಣದ ಬಗ್ಗೆ ಅಕಾಡೆಮಿಯ ಪ್ರಕಟಣೆಯಲ್ಲಿ ಒಂದು ಪ್ರಬಂಧವನ್ನು ಬರೆದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿ, ಆಕ್ಸ್‌ಫರ್ಡಿಗೆ ತೆರಳಿ, 1969ರಲ್ಲಿ ಅಲ್ಲಿಯೇ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡರು. ಅವರ ಪ್ರಬಂಧವು ಗ್ರಂಥಾಲಯಗಳ ಕಪಾಟುಗಳಲ್ಲಿ ಇದ್ದೇ ಇತ್ತು. ಅದರ ತಿರುಳನ್ನು ಕಂಡವರು ವಿರಳ. 1984ರಲ್ಲಿ ಬ್ರಿಟನ್ನಿನ ಮೈಕೆಲ್ ಬೆರ್ರಿ ಅವರು ಕ್ವಾಂಟಂ ಭೌತಶಾಸ್ತ್ರದಲ್ಲಿ ಜ್ಯಾಮಿತೀಯ ಪ್ರಾವಸ್ಥೆಯ ವಿಚಾರವನ್ನು ಮಂಡಿಸಿ ಪ್ರಸಿದ್ಧರಾದರು. 1986ರಲ್ಲಿ ಎಸ್. ರಾಮಶೇಷನ್ ಮತ್ತು ಆರ್. ನಿತ್ಯಾನಂದ ಅವರು ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪಂಚರತ್ನಂ ಅವರ ಹಳೆಯ ಪ್ರಬಂಧವು ಅದೇ ವಿಚಾರದ ಮುನ್ನಡೆಯ ಉದಾಹರಣೆಯೆಂದು ತೋರಿಸಿದರು. ಮರುವರ್ಷ ಬೆರ್ರಿ ಅವರೇ ಅದನ್ನು ವಿವರವಾಗಿ ಬರೆದು ಗೌರವ ಸಲ್ಲಿಸಿದರು. ಇಂದು ಆ ಪ್ರಾವಸ್ಥೆಯನ್ನು ಇಬ್ಬರ ಹೆಸರುಗಳಿಂದಲೂ ಕರೆಯಲಾಗುತ್ತದೆ. ಮೂವತ್ತು ವರ್ಷಗಳ ಕಾಲ ಓದುಗನಿಗಾಗಿ ಕಾದ ಪ್ರಬಂಧವದು. ಬರೆದವರು ತಮ್ಮ ಓದುಗನನ್ನು ಕಾಣಲಿಲ್ಲ.

ಈ ನಿದರ್ಶನವು ಉಲ್ಲೇಖ ಎಣಿಕೆಯ ಮಿತಿಯನ್ನೂ ತೋರಿಸುತ್ತದೆ. 1980ರಲ್ಲಿ ಎಣಿಸಿದ್ದರೆ ಆ ಪ್ರಬಂಧಕ್ಕೆ ಬೆಲೆಯಿಲ್ಲವೆಂಬ ತೀರ್ಪು ಬರುತ್ತಿತ್ತು. ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಒಂದು ಶೋಧವು ಎಲ್ಲರಿಗೂ ತಿಳಿದ ಸಂಗತಿಯಾದ ಮೇಲೆ ಅದರ ಮೂಲ ಪ್ರಬಂಧವನ್ನು ಯಾರೂ ಉಲ್ಲೇಖಿಸುವುದಿಲ್ಲ. ರಾಮನ್ ಪರಿಣಾಮವನ್ನು ದಿನನಿತ್ಯ ಬಳಸುವ ಪ್ರಯೋಗಾಲಯಗಳು 1928ರ ಪ್ರಬಂಧವನ್ನು ತಮ್ಮ ಪಟ್ಟಿಯಲ್ಲಿ ಸೇರಿಸುವುದು ಅಪರೂಪ. ಮರ್ಯಾದೆಗಾಗಿ, ಖಂಡಿಸುವುದಕ್ಕಾಗಿ, ತಮ್ಮ ಹಿಂದಿನ ಬರಹವನ್ನು ನೆನಪಿಸುವುದಕ್ಕಾಗಿ ಮಾಡಿದ ಉಲ್ಲೇಖಗಳೂ ಲೆಕ್ಕದಲ್ಲಿ ಒಂದೊಂದಾಗಿಯೇ ಸೇರುತ್ತವೆ. ವಿಚಾರಗಳ ಹಾದಿಯನ್ನು ಹುಡುಕಲು ಹುಟ್ಟಿದ ಈ ಸಾಧನವನ್ನು ಅಧ್ಯಾಪಕರ ಬಡ್ತಿ ಮತ್ತು ಸಂಸ್ಥೆಗಳ ಶ್ರೇಯಾಂಕಕ್ಕೆ ಅಳತೆಗೋಲಾಗಿ ಬಳಸುತ್ತಿರುವುದು ಅದರ ಮೂಲ ಉದ್ದೇಶದಿಂದ ದೂರ ಸರಿದ ಮಾತು.

ಪ್ರಬಂಧಗಳು ಎಲ್ಲಿವೆ ಎಂಬುದೇ ತಿಳಿಯದಿದ್ದರೆ ಉಲ್ಲೇಖಿಸುವ ಪ್ರಶ್ನೆಯೇ ಏಳುವುದಿಲ್ಲ. ಇದನ್ನು ರಂಗನಾಥನ್ ಅವರು ಬಹಳ ಮೊದಲೇ ಅರಿತಿದ್ದರು. ದಕ್ಷಿಣ ಏಷ್ಯಾದ ಗ್ರಂಥಾಲಯಗಳಲ್ಲಿ ಯಾವ ವಿದ್ವತ್ ಪತ್ರಿಕೆ ಎಲ್ಲಿ ದೊರೆಯುತ್ತದೆ ಎಂಬ ಒಕ್ಕೂಟ ಸೂಚಿಯನ್ನು 1953ರಲ್ಲಿ ಯುನೆಸ್ಕೋ ನೆರವಿನಿಂದ ಅವರು ಹೊರತಂದರು. ವರ್ಗಸಂಖ್ಯೆಯ ಒಂದೊಂದು ಕೊಂಡಿಯಿಂದಲೂ ಸೂಚಿಪದವನ್ನು ತೆಗೆಯುವ ಸರಪಳಿ ಸೂಚೀಕರಣ ಅವರದೇ ಕಾಣಿಕೆ. ಬ್ರಿಟನ್ನಿನ ರಾಷ್ಟ್ರೀಯ ಗ್ರಂಥಸೂಚಿಯು 1950ರಿಂದ ಸುಮಾರು ಎರಡು ದಶಕಗಳ ಕಾಲ ಈ ವಿಧಾನವನ್ನು ಅನುಸರಿಸಿತು.

ಗ್ರಂಥಾಲಯ ಕಾಯ್ದೆ

ಗ್ರಂಥಾಲಯ ಸೇವೆಯು ದಾನಿಗಳ ಕೃಪೆಯನ್ನು ಅವಲಂಬಿಸದೆ ಕಾನೂನಿನ ಬಲದಿಂದ ನಿಲ್ಲಬೇಕೆಂದು ರಂಗನಾಥನ್ ಅವರು 1930ರ ದಶಕದಿಂದಲೂ ಮಾದರಿ ಮಸೂದೆಗಳನ್ನು ರಚಿಸುತ್ತಾ ಬಂದರು. ಅವರ ಪ್ರಯತ್ನದ ಫಲವಾಗಿ 1948ರಲ್ಲಿ ಮದ್ರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಜಾರಿಗೆ ಬಂದಿತು. ಮೈಸೂರು ರಾಜ್ಯದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯನ್ನು ಅಂಗೀಕರಿಸಲಾಯಿತು. ಇದಕ್ಕೂ ಅವರ ಚಿಂತನೆಯೇ ಆಧಾರ. ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನು ಸಂಗ್ರಹಿಸಿ ಅದನ್ನು ಗ್ರಂಥಾಲಯಗಳಿಗೇ ಬಳಸುವ ವ್ಯವಸ್ಥೆ ಈ ಕಾಯ್ದೆಯಿಂದ ಬಂದುದು. ಮನೆ ಕಂದಾಯದ ರಸೀದಿಯಲ್ಲಿ ಗ್ರಂಥಾಲಯ ಕರವೆಂಬ ಸಾಲನ್ನು ನೋಡಿದ ನಾಗರಿಕರು ತಾವು ಈಗಾಗಲೇ ಗ್ರಂಥಾಲಯದ ಪಾಲುದಾರರು ಎಂಬುದನ್ನು ಗಮನಿಸಬಹುದು. ನಗರ ಮತ್ತು ಜಿಲ್ಲಾ ಕೇಂದ್ರ ಗ್ರಂಥಾಲಯಗಳ ಜಾಲ ಈ ಕಾಯ್ದೆಯಿಂದ ಬೆಳೆಯಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ನಿಪ್ಪಾಣಿ, ಕಾಗವಾಡದಂತಹ ಗಡಿ ಭಾಗಗಳಲ್ಲಿ ಕನ್ನಡ ಮರಾಠಿ ಎರಡನ್ನೂ ಓದುವ ಜನರಿರುವುದರಿಂದ ಪ್ರತಿ ಓದುಗನಿಗೂ ಅವನ ಪುಸ್ತಕ ಎಂಬ ಸೂತ್ರಕ್ಕೆ ಅಲ್ಲಿ ವಿಶೇಷ ಅರ್ಥವಿದೆ.

ಕೊನೆಯ ದಿನಗಳು

1965ರಲ್ಲಿ ಭಾರತ ಸರಕಾರವು ರಂಗನಾಥನ್ ಅವರನ್ನು ಗ್ರಂಥಾಲಯ ವಿಜ್ಞಾನದ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ದೆಹಲಿ ಹಾಗೂ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟ್ ನೀಡಿದವು. ಅವರ ದ್ವಿಬಿಂದು ಪದ್ಧತಿಯನ್ನು ಪೂರ್ಣವಾಗಿ ಅನುಸರಿಸುವ ಗ್ರಂಥಾಲಯಗಳು ಇಂದು ಹೆಚ್ಚಿಲ್ಲ. ಅದರ ಚಿಹ್ನೆಗಳು ಸಾಮಾನ್ಯ ಓದುಗನಿಗೆ ಕ್ಲಿಷ್ಟ. ಆವೃತ್ತಿಯಿಂದ ಆವೃತ್ತಿಗೆ ಅವರು ಮಾಡುತ್ತಿದ್ದ ಬದಲಾವಣೆಗಳಿಗೆ ತಕ್ಕಂತೆ ಸಾವಿರಾರು ಪುಸ್ತಕಗಳ ಬೆನ್ನಿನ ಸಂಖ್ಯೆಗಳನ್ನು ತಿದ್ದುವುದು ಗ್ರಂಥಪಾಲಕರಿಗೆ ಹೊರೆಯಾಗಿತ್ತು. ಆದರೆ ವಿಷಯವನ್ನು ಮುಖಗಳಾಗಿ ಬಿಡಿಸುವ ಅವರ ವಿಧಾನವು ಗಣಕಯಂತ್ರದ ಹುಡುಕಾಟದಲ್ಲಿ ಹೊಸ ಜೀವ ಪಡೆದಿದೆ. ಅಂತರಜಾಲದ ಅಂಗಡಿಯಲ್ಲಿ ಸೀರೆಯನ್ನು ಬಣ್ಣ, ಬಟ್ಟೆ, ಬೆಲೆ ಎಂದು ಬೇರೆ ಬೇರೆಯಾಗಿ ಆರಿಸಿ ಹುಡುಕುವಾಗ ನಡೆಯುವುದು ಅದೇ ಕ್ರಮ.

ರಂಗನಾಥನ್ ಅವರು 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ನಿಧನರಾದರು. ಆಗ ದ್ವಿಬಿಂದು ವರ್ಗೀಕರಣದ ಏಳನೆಯ ಆವೃತ್ತಿ ಅವರ ಕೈಯಲ್ಲಿತ್ತು. ಅದನ್ನು ಎಂ. ಎ. ಗೋಪಿನಾಥ್ ಅವರು ಸಂಪಾದಿಸಿ 1987ರಲ್ಲಿ ಹೊರತಂದರು. ಅದಕ್ಕೆ ಮೂರು ವರ್ಷ ಮೊದಲು, 1984ರಲ್ಲಿ, ಉಲ್ಲೇಖ ಸೂಚಿಯ ಕರ್ತೃ ಗಾರ್ಫೀಲ್ಡ್ ಅವರು ತಮ್ಮ ಪತ್ರಿಕೆಯಲ್ಲಿ ರಂಗನಾಥನ್ ಅವರ ಬಗ್ಗೆ ಎರಡು ಕಂತುಗಳ ಗೌರವ ಲೇಖನವನ್ನು ಬರೆದರು. ಡಿ.ಆರ್.ಟಿ.ಸಿ. ಇಂದು ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿ ಕಾರ್ಯನಿರ್ವಹಿಸುತ್ತಿದೆ.